ಕಸಿ ಕಟ್ಟುವ ಮೂರು ಚಾಕು, ಮೂರು ಬಗೆಯ ವಾರಂಟಿ: ಮೂರು ಮಳೆಗಾಲ ಬಳಸಿ ನೋಡಿದ ಮೇಲೆ

ಸುಳ್ಯದ ಕಡೆ ನಮ್ಮದೊಂದು ಸಣ್ಣ ನರ್ಸರಿ ಇದೆ. ಮನೆಯ ಹಿಂದೆ ನೆರಳುಬಲೆ ಕಟ್ಟಿಕೊಂಡು ಹಲಸು, ಗೇರು, ಮಾವು, ಕಾಳುಮೆಣಸಿನ ಕಸಿ ಗಿಡ ಮಾಡುತ್ತೇವೆ. ಮಣ್ಣು ಹದ ಮಾಡುವುದು, ಪ್ಲಾಸ್ಟಿಕ್ ತೊಟ್ಟೆಗೆ ತುಂಬಿಸುವುದು, ಗಿಡ ಮಾರುವುದು ನಮ್ಮ ಯಜಮಾನರ ಕೆಲಸ. ಕಸಿ ಕಟ್ಟುವುದು ಹೆಚ್ಚಾಗಿ ನಾನೇ. ಮಳೆಗಾಲ ಹಿಡಿದರೆ ಸೆಪ್ಟೆಂಬರ್ ಮುಗಿಯುವ ತನಕ ದಿನಕ್ಕೆ ಐದಾರು ಗಂಟೆ ನನ್ನ ಕೈಯಲ್ಲಿ ಚಾಕು ಇರುತ್ತದೆ.

ಈ ಮೂರು ವರ್ಷದಲ್ಲಿ ಮೂರು ಚಾಕುಗಳನ್ನು ಬಳಸಿದೆ. ಒಂದು, ಬೆಂಗಳೂರಿನಲ್ಲಿರುವ ತಮ್ಮ ಆನ್‌ಲೈನ್‌ನಲ್ಲಿ ತರಿಸಿಕೊಟ್ಟ ಹೊರದೇಶದ ಮಡಚುವ ಚಾಕು, 6,200 ರೂಪಾಯಿಯದ್ದು. ಎರಡನೆಯದು ಪುತ್ತೂರಿನ ಕೃಷಿ ಸಾಮಾನಿನ ಅಂಗಡಿಯಲ್ಲಿ 380 ರೂಪಾಯಿಗೆ ತಂದ ನಮ್ಮ ದೇಶದ್ದೇ ಕಸಿ ಚಾಕು. ಮೂರನೆಯದು ನಮ್ಮೂರಿನ ಕುಲುಮೆಯಲ್ಲಿ ಆಚಾರ್ರು ಮಾಡಿಕೊಟ್ಟದ್ದು.

ಮೂರೂ ಒಂದಲ್ಲ ಒಂದು ಸಲ ಕೈಕೊಟ್ಟವು. ದಿನಾ ದುಡಿಯುವ ಚಾಕು ಕೆಡದೇ ಇರುವುದಿಲ್ಲ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಕೆಟ್ಟಾಗ ಮಾಡಿದವರು, ಮಾರಿದವರು ಹೇಗೆ ನಡೆದುಕೊಂಡರು ಅನ್ನುವುದನ್ನು ಪಕ್ಕಪಕ್ಕ ಇಟ್ಟು ಬರೆಯಬೇಕು ಅನ್ನಿಸಿತು. ಯಾಕೆಂದರೆ ತಮ್ಮ ಆ ದುಬಾರಿ ಚಾಕನ್ನು ಆರಿಸಿದ್ದೇ ಡಬ್ಬಿಯ ಮೇಲಿದ್ದ ‘ಲೈಫ್‌ಟೈಮ್ ವಾರಂಟಿ’ ಅನ್ನುವ ಮಾತು ನೋಡಿ. ‘ಅಕ್ಕಾ, ಇನ್ನು ಜನ್ಮಕ್ಕೆ ಬೇರೆ ಚಾಕು ತಗೋಬೇಕಿಲ್ಲ ನೀನು’ ಅಂದಿದ್ದ. ಅವನ ಪ್ರೀತಿ ದೊಡ್ಡದು. ಆ ಮಾತು ನಂಬಿ ಅವನು ಹಣ ಕೊಟ್ಟ ಅನ್ನುವುದೇ ನನಗೆ ಇವತ್ತಿಗೂ ಸಂಕಟ.

ಕಸಿಗೆ ಎಂಥ ಚಾಕು ಬೇಕು

ನಮ್ಮಲ್ಲಿ ಹೆಚ್ಚು ಮಾಡುವುದು ಮೃದುಕಾಂಡ ಕಸಿ. ಬೀಜದಿಂದ ಎದ್ದ ಗಿಡದ ಎಳೆ ಕಾಂಡವನ್ನು ಅಡ್ಡ ಕತ್ತರಿಸಿ, ನಟ್ಟನಡುವೆ ಐದಾರು ಸೆಂಟಿಮೀಟರ್ ಸೀಳುತ್ತೇವೆ. ಒಳ್ಳೆಯ ಮರದಿಂದ ತಂದ ಕಸಿಕಡ್ಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ ಕೆತ್ತಿ ಬೆಣೆ ಮಾಡಿ ಆ ಸೀಳಿನೊಳಗೆ ಇಳಿಸುತ್ತೇವೆ. ತೊಗಟೆಯ ಕೆಳಗಿನ ಹಸಿರು ಪದರ ಎರಡರದ್ದೂ ಕೂಡಿಕೊಳ್ಳಬೇಕು. ಆಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೊಂದು ಸಣ್ಣ ಪ್ಲಾಸ್ಟಿಕ್ ಚೀಲ ಮುಚ್ಚುತ್ತೇವೆ. ಎಲ್ಲ ಸರಿಯಾದರೆ ಮೂರು ನಾಲ್ಕು ವಾರದಲ್ಲಿ ಚಿಗುರು ಕಾಣುತ್ತದೆ.

ಬೆಣೆ ಕೆತ್ತುವುದರಲ್ಲೇ ಎಲ್ಲ ಇದೆ. ಒಂದೇ ಎಳೆತಕ್ಕೆ ನುಣ್ಣಗೆ, ಸಪಾಟಾಗಿ ಬರಬೇಕು. ಚಾಕು ಮೊಂಡಾಗಿದ್ದರೆ ಎರಡು ಮೂರು ಸಲ ಕೆರೆಯಬೇಕಾಗುತ್ತದೆ. ಆಗ ಮೈ ಅಲೆಅಲೆಯಾಗಿ, ಸೀಳಿನೊಳಗೆ ಸಂದು ಉಳಿದು ಕೊಳೆಯುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು, ವಾರಂಟಿ ಕತೆಗೆ ಅದು ಮುಖ್ಯ. ಕಸಿಕಡ್ಡಿಯನ್ನು ಮರದಿಂದ ಕೊಯ್ಯುವ ಏಳರಿಂದ ಹತ್ತು ದಿನ ಮೊದಲೇ ಅದರ ಎಲೆಗಳನ್ನು ಸವರಿ ಬಿಡುತ್ತೇವೆ, ತೊಟ್ಟು ಮಾತ್ರ ಉಳಿಸುತ್ತೇವೆ. ಆಗ ತುದಿಯ ಮೊಗ್ಗು ಉಬ್ಬಿಕೊಳ್ಳುತ್ತದೆ. ಉಬ್ಬಿದ ಮೊಗ್ಗು ಒಡೆಯುವ ಮೊದಲೇ ಕಟ್ಟಿಬಿಡಬೇಕು. ಅಂದರೆ ಎಲೆ ಸವರಿದ ಮೇಲೆ ಕೆಲಸ ಮುಂದೂಡುವ ಹಾಗಿಲ್ಲ. ಚಾಕು ರಿಪೇರಿಗೆ ಹೋಗಿದೆ, ಬರಲಿ ಎಂದರೆ ಕಡ್ಡಿ ಕೇಳುವುದಿಲ್ಲ.

ಕಸಿ ಚಾಕಿಗೂ ಮಾಮೂಲಿ ಜೇಬಿನ ಚಾಕಿಗೂ ಒಂದು ವ್ಯತ್ಯಾಸವಿದೆ. ಮಾಮೂಲಿ ಚಾಕನ್ನು ಎರಡೂ ಬದಿ ಮಸೆದಿರುತ್ತಾರೆ. ಕಸಿ ಚಾಕನ್ನು ಬಡಗಿಯ ಉಳಿಯ ಹಾಗೆ ಒಂದೇ ಬದಿ ಮಸೆಯುತ್ತಾರೆ, ಇನ್ನೊಂದು ಬದಿ ಚಪ್ಪಟೆ. ಆ ಚಪ್ಪಟೆ ಬದಿ ಕಡ್ಡಿಯ ಮೇಲೆ ಒರಗಿಕೊಂಡು ಹೋಗುವುದರಿಂದ ಕಡಿತ ನೇರ ಬರುತ್ತದೆ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಬಲಗೈಯವರಿಗೆ ಮಾಡಿದ್ದು. ನನ್ನದು ಎಡಗೈ. ಬಲಗೈ ಚಾಕನ್ನು ಎಡಗೈಯಲ್ಲಿ ಹಿಡಿದರೆ ಅದು ಕಡ್ಡಿಯೊಳಕ್ಕೆ ಇಳಿಯುತ್ತಲೇ ಹೋಗುತ್ತದೆ, ಬೆಣೆಯ ಬದಲು ತುಂಡಾಗಿ ಬೀಳುತ್ತದೆ.

ಮತ್ತೆ ಮೇಣ. ಹಲಸಿನ ಕಡ್ಡಿ ಕೆತ್ತಿದರೆ ಬಿಳಿ ಮೇಣ ಒಸರಿ ಅಲಗಿಗೆ ಅಂಟುತ್ತದೆ. ಗೇರಿನ ಸೊನೆ ಕಪ್ಪು ಕಲೆ ಮಾಡುತ್ತದೆ. ಮಡಚುವ ಚಾಕಾದರೆ ಮೇಣ ಸೀದಾ ಮಡಚುವ ಸಂದಿಗೆ ಇಳಿದು, ಮಣ್ಣಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ನಾನು ಪ್ರತಿ ಹತ್ತು ಕಡ್ಡಿಗೆ ಒಮ್ಮೆ ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಗಿಡ ಬದಲಾಯಿಸುವಾಗ ಸ್ಪಿರಿಟ್ ಹಚ್ಚುತ್ತೇನೆ. ಹಾಗೆ ಮಾಡಿದರೂ ಸಂದಿಯೊಳಗೆ ಸ್ವಲ್ಪ ಹೋಗಿಯೇ ಹೋಗುತ್ತದೆ.

ಕೊಯ್ಯುವುದರಲ್ಲಿ ಯಾವುದು ಮೇಲು

ನ್ಯಾಯವಾಗಿ ಹೇಳುತ್ತೇನೆ. ಹೊಸದಿದ್ದಾಗ ತಮ್ಮ ಕೊಟ್ಟ ಚಾಕಿನಷ್ಟು ಚೆನ್ನಾಗಿ ಕೊಯ್ಯುವ ಚಾಕನ್ನು ನಾನು ಹಿಡಿದೇ ಇರಲಿಲ್ಲ. ತುಕ್ಕು ಹಿಡಿಯದ ಸ್ಟೀಲು. ಡಬ್ಬಿಯ ಮೇಲೆ ಗಡಸುತನ 60 ರಾಕ್‌ವೆಲ್ ಎಂದು ಬರೆದಿತ್ತು. ಬೆಳಿಗ್ಗೆ ಒಂದು ಸಲ ಬೆಲ್ಟಿನ ಚರ್ಮದ ಮೇಲೆ ಎಳೆದರೆ ಇನ್ನೂರು ಕಡ್ಡಿ ಕೆತ್ತುವ ತನಕ ಹರಿತ ಹೋಗುತ್ತಿರಲಿಲ್ಲ. ಎರಡೂ ಬದಿ ಮಸೆದದ್ದಾದ್ದರಿಂದ ಎಡಗೈಗೂ ಆಗುತ್ತಿತ್ತು. ತಮ್ಮ ಅದನ್ನೂ ಯೋಚಿಸಿಯೇ ಕೊಡಿಸಿದ್ದ.

ಅದರ ಬೀಗದ ಬಗ್ಗೆ ಮಾತ್ರ ಮೊದಲ ದಿನವೇ ಅನುಮಾನ ಬಂತು. ಅಲಗು ಬಿಡಿಸಿದಾಗ ಹಿಡಿಯ ಒಳಗಿನ ತೆಳು ತಗಡೊಂದು ಪಕ್ಕಕ್ಕೆ ಸರಿದು ಅಲಗಿನ ಹಿಂದೆ ನಿಲ್ಲುತ್ತದೆ. ಲೈನರ್ ಲಾಕ್ ಅನ್ನುತ್ತಾರೆ. ಅದನ್ನು ಸರಿಸಿ ಮಡಚಲು ಬಲಗೈ ಹೆಬ್ಬೆರಳಿಗೆ ಅನುಕೂಲ. ಎಡಗೈಯವರು ತೋರುಬೆರಳಲ್ಲಿ ಎಳೆಯಬೇಕು. ಮಳೆಯಲ್ಲಿ ಒದ್ದೆ ಕೈಯಲ್ಲಿ ಅದು ಕಷ್ಟ.

ಅಂಗಡಿಯ ಚಾಕು ಅರುವತ್ತು ಎಪ್ಪತ್ತು ಕಡ್ಡಿಗೆ ಮೊಂಡಾಗುತ್ತದೆ. ಮೆದು ಸ್ಟೀಲು, ಆದರೆ ಮಸೆಗಲ್ಲಿಗೆ ಬೇಗ ಬಗ್ಗುತ್ತದೆ, ಐದು ನಿಮಿಷದಲ್ಲಿ ಮತ್ತೆ ಹರಿತ. ಬಲಗೈ ಚಾಕಾದ್ದರಿಂದ ನಾನು ಚಪ್ಪಟೆ ಬದಿಯನ್ನೂ ಮಸೆದು ಎರಡು ಬದಿ ಮಾಡಿಕೊಂಡೆ. ಹಿಡಿಯ ಇನ್ನೊಂದು ತುದಿಯಲ್ಲಿ ಕಣ್ಣು ಕಸಿಗೆ ತೊಗಟೆ ಬಿಡಿಸಲು ಹಿತ್ತಾಳೆಯ ನಾಲಿಗೆ ಇದೆ, ಅದು ಒಳ್ಳೆಯದು. ಬೀಗ ಗೀಗ ಏನಿಲ್ಲ, ಬೆನ್ನಿನ ಸ್ಪ್ರಿಂಗ್ ಬಿಗಿ ಇರುವ ತನಕ ಅಲಗು ನಿಲ್ಲುತ್ತದೆ.

ಆಚಾರ್ರ ಚಾಕು ನಡುವಿನದ್ದು. ನೂರು, ನೂರಿಪ್ಪತ್ತು ಕಡ್ಡಿ ಕೆತ್ತಬಹುದು. ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿದ್ದು. ತುಕ್ಕು ಹಿಡಿಯುವ ಸ್ಟೀಲು. ಆಟಿ ತಿಂಗಳ ಜೋರು ಮಳೆಯಲ್ಲಿ ಒಂದು ರಾತ್ರಿ ಎಣ್ಣೆ ಹಚ್ಚದೆ ಮಲಗಿದರೆ ಬೆಳಿಗ್ಗೆ ಕೆಂಪು ಚುಕ್ಕಿ ಕಾಣುತ್ತದೆ. ಮಾವಿನ ಕಡ್ಡಿ ಕೆತ್ತಿದರೆ ಅಲಗು ಕಪ್ಪಾಗುತ್ತದೆ. ಮಡಚುವುದೂ ಇಲ್ಲ. ಯಜಮಾನರು ಅಡಿಕೆ ಹಾಳೆ ನೆನೆಸಿ, ಮಡಚಿ, ಹೊಲಿದು ಒರೆ ಮಾಡಿಕೊಟ್ಟಿದ್ದಾರೆ, ಅದರೊಳಗಿಟ್ಟು ಜೇಬಿಗೆ ಹಾಕಿಕೊಳ್ಳುತ್ತೇನೆ. ಆದರೆ ಎಡಗೈಗೆ ಬೇಕಾದ ಬದಿಗೆ ಮಸೆದ ಚಾಕು ಹಿಡಿದದ್ದು ನಾನು ಅದೇ ಮೊದಲು. ಮೊದಲ ದಿನ ಹಲಸಿನ ಕಡ್ಡಿ ಕೆತ್ತಿದಾಗ ಬೆಣೆ ಕನ್ನಡಿಯ ಹಾಗೆ ಬಂತು. ಹತ್ತು ಹನ್ನೆರಡು ವರ್ಷ ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ. ಆವತ್ತು ಕಡ್ಡಿ ಹಿಡಿದುಕೊಂಡು ಸುಮ್ನೆ ಸ್ವಲ್ಪ ಹೊತ್ತು ಕುಳಿತೆ.

ದುಬಾರಿ ಚಾಕು ಕೈಕೊಟ್ಟಾಗ

ಎರಡನೇ ಮಳೆಗಾಲದ ಶುರುವಿನಲ್ಲಿ ಅದರ ಅಲಗು ಅಲ್ಲಾಡತೊಡಗಿತು. ಅಡ್ಡಕ್ಕೆ ಕೂದಲೆಳೆಯಷ್ಟು ಆಟ. ಜುಲೈ ಎರಡನೇ ವಾರ ಹಲಸಿನ ಗಿಡ ಸೀಳುವಾಗ ಬೀಗದ ತಗಡು ಜಾರಿ ಅಲಗು ಮಡಚಿಕೊಂಡಿತು. ತೋರುಬೆರಳಿಗೆ ಮೂರು ಹೊಲಿಗೆ ಬಿತ್ತು. ಆ ದಿನ ಎಲೆ ಸವರಿ ತಂದಿದ್ದ ಎಂಬತ್ತು ಕಡ್ಡಿ ಹಾಳಾದವು. ಹತ್ತು ದಿನ ಕೆಲಸ ನಿಂತಿತು.

ಬೀಗ ಜಾರುವುದು ಸವೆತ ಅಲ್ಲ, ಅದು ದೋಷ. ಒಂದು ವರ್ಷದ ಚಾಕಿನಲ್ಲಿ ಹಾಗಾಗಬಾರದು. ವಾರಂಟಿ ಇರುವುದೇ ಇದಕ್ಕೆ ಅಂದುಕೊಂಡು ಕಂಪನಿಗೆ ಬರೆದೆವು. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ.

ಮೊದಲ ಉತ್ತರ ಬಂದದ್ದು ಹನ್ನೊಂದು ದಿನದ ಮೇಲೆ. ಬಿಲ್ ತಮ್ಮನ ಹೆಸರಲ್ಲಿದೆ, ದೂರು ಅಕ್ಕನ ಹೆಸರಲ್ಲಿದೆ, ವಾರಂಟಿ ಮೊದಲ ಖರೀದಿದಾರರಿಗೆ ಮಾತ್ರ ಎಂದರು. ಉಡುಗೊರೆ ಕೊಟ್ಟರೆ ವಾರಂಟಿ ಹೋಗುತ್ತದೆ ಎಂದು ಡಬ್ಬಿಯ ಮೇಲೆ ಎಲ್ಲಿಯೂ ಇರಲಿಲ್ಲ, ವೆಬ್‌ಸೈಟಿನ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಸರಿ, ತಮ್ಮನೇ ಅವನ ಖಾತೆಯಿಂದ ಮತ್ತೆ ಬರೆದ. ಬಿಲ್ಲು, ನಾಲ್ಕು ಕಡೆಯ ಫೋಟೊ, ಬೀಗ ಜಾರುವ ವಿಡಿಯೊ ಕೇಳಿದರು. ಕೈಗೆ ಬ್ಯಾಂಡೇಜ್ ಇದ್ದದ್ದರಿಂದ ಯಜಮಾನರೇ ಚಾಕು ಹಿಡಿದು ವಿಡಿಯೊ ಮಾಡಿಕೊಟ್ಟರು.

ಆಮೇಲೆ ಚಾಕನ್ನು ನಮ್ಮ ಖರ್ಚಿನಲ್ಲೇ ದೆಹಲಿಗೆ ಕಳಿಸಬೇಕಂತೆ. ಸುಳ್ಯದ ಒಂದು ಕೊರಿಯರ್‌ನವರು ಚಾಕು ಎಂದ ಕೂಡಲೇ ತೆಗೆದುಕೊಳ್ಳುವುದಿಲ್ಲ ಎಂದರು. ಇನ್ನೊಬ್ಬರು ಬಿಲ್ ನೋಡಿ, ಕೃಷಿ ಸಲಕರಣೆ ಎಂದು ಬರೆಸಿಕೊಂಡು ತೆಗೆದುಕೊಂಡರು. ಮೊದಲಿನವರು ಹೆದರುವುದಕ್ಕೆ ಅರ್ಥ ಇಲ್ಲ. ಶಸ್ತ್ರಾಸ್ತ್ರ ನಿಯಮದ ಹಿಡಿತಕ್ಕೆ ಬರುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು, ಅದರಲ್ಲೂ ಮನೆಬಳಕೆಗೆ, ಕೃಷಿಗೆ ಮಾಡಿದ್ದಕ್ಕೆ ವಿನಾಯಿತಿ ಇದೆ. ನಮ್ಮದು ಬರೀ ಮೂರು ಇಂಚು.

ಕಳಿಸಿದ ಮೇಲೆ ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ತಮ್ಮ ವಾರಕ್ಕೊಂದು ಮೇಲ್ ಹಾಕುತ್ತಿದ್ದ. ಪ್ರತಿ ಸಲವೂ ‘ಪರಿಶೀಲನೆಯಲ್ಲಿದೆ’ ಎನ್ನುವ ಒಂದೇ ಉತ್ತರ. ಎಂಬತ್ಮೂರನೇ ದಿನ ಚಾಕು ಹಾಗೆಯೇ ವಾಪಸ್ ಬಂತು. ಬರುವ ಖರ್ಚು 450 ರೂಪಾಯಿಯೂ ನಮ್ಮದೇ. ಜೊತೆಗೊಂದು ಚೀಟಿ. ಅದರಲ್ಲಿ ಕಾರಣ ಎರಡು: ಒಂದು, ಸಹಜ ಸವೆತ. ಇನ್ನೊಂದು, ಮಡಚುವ ಸಂದಿಯಲ್ಲಿ ಅಂಟು ಸೇರಿದೆ, ಸರಿಯಾಗಿ ಶುಚಿ ಮಾಡಿಲ್ಲ.

ನನಗೆ ಸಿಟ್ಟು ಬಂದದ್ದು ಆ ಎರಡನೇ ಕಾರಣಕ್ಕೆ. ಅದೇ ವಾರಂಟಿ ಕಾಗದದಲ್ಲಿ, ಚಾಕನ್ನು ಬಿಚ್ಚಿದರೆ ವಾರಂಟಿ ರದ್ದು ಎಂದು ಬರೆದಿದೆ. ಬಿಚ್ಚದೆ ಆ ಸಂದಿಯನ್ನು ಶುಚಿ ಮಾಡಲು ಸಾಧ್ಯವೇ ಇಲ್ಲ. ಬಿಚ್ಚಿದರೆ ನಿಮ್ಮ ತಪ್ಪು, ಬಿಚ್ಚದಿದ್ದರೂ ನಿಮ್ಮ ತಪ್ಪು. ಕೆಲಸ ಮಾಡುವ ಯಾರ ಚಾಕು ತಾನೇ ಇದರಿಂದ ಪಾರಾಗುತ್ತದೆ? ಡ್ರಾಯರ್‌ನಲ್ಲಿ ಮುಚ್ಚಿಟ್ಟ ಚಾಕಿಗೆ ಮಾತ್ರ ಆ ವಾರಂಟಿ ನಡೆಯುತ್ತದೆ ಅಂದ ಹಾಗಾಯಿತು, ಅಲ್ವಾ?

ಹೋಗಲಿ, ಒಂದು ಸ್ಕ್ರೂ, ಒಂದು ಬೀಗದ ತಗಡು ಹಣಕ್ಕೆ ಕೊಡಿ ಎಂದು ಕೇಳಿದೆವು. ಬಿಡಿಭಾಗ ಮಾರುವುದಿಲ್ಲ ಎಂದರು. ಮುಂದಿನ ಖರೀದಿಗೆ ನೂರಕ್ಕೆ ಇಪ್ಪತ್ತು ರಿಯಾಯಿತಿ ಕೊಡುತ್ತೇವೆ ಎಂದರು. ನನಗೆ ಬೇಕಾದದ್ದು ಇನ್ನೊಂದು ಚಾಕಲ್ಲ, ತಮ್ಮ ಕೊಟ್ಟ ಚಾಕು ಸರಿಯಾಗುವುದು.

ಎಲ್ಲ ಕಂಪನಿಗಳೂ ಹೀಗೆ ಎಂದು ನಾನು ಹೇಳುವುದಿಲ್ಲ. ನನ್ನ ಚಾಕು ವಿಕ್ಟೊರಿನಾಕ್ಸ್ ಅಲ್ಲ, ಲೆದರ್‌ಮನ್ ಕೂಡ ಅಲ್ಲ. ಅವೆರಡನ್ನೂ ನಾನು ಬಳಸಿಲ್ಲ. ಆದರೆ ಈ ಗಲಾಟೆ ನಡೆಯುವಾಗ ಅವರ ವಾರಂಟಿ ಮಾತುಗಳನ್ನು ಕೂತು ಓದಿದೆ. 1884ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ವಿಕ್ಟೊರಿನಾಕ್ಸ್‌ನವರ ಜೇಬುಚಾಕಿನ ಗ್ಯಾರಂಟಿ ಲೋಹದ ಮತ್ತು ತಯಾರಿಕೆಯ ದೋಷಗಳಿಗೆ ಮಾತ್ರ, ಮಾಮೂಲಿ ಸವೆತಕ್ಕೂ ತಪ್ಪು ಬಳಕೆಗೂ ಇಲ್ಲ. ಅಮೆರಿಕದ ಲೆದರ್‌ಮನ್‌ನವರು ಆಜೀವ ಎನ್ನದೆ 25 ವರ್ಷ ಎಂದು ಲೆಕ್ಕ ಹೇಳಿದ್ದಾರೆ. ವರ್ಷ ಎಣಿಸಿ ಹೇಳುವುದು ನನಗೆ ಇಷ್ಟವಾಯಿತು. ‘ಲೈಫ್‌ಟೈಮ್’ ಅಂದಾಗ ಯಾರ ಆಯುಸ್ಸು ಎನ್ನುವುದೇ ತಿಳಿಯುವುದಿಲ್ಲ. ನನ್ನದೋ, ಚಾಕಿನದೋ, ಆ ಮಾದರಿ ಅಂಗಡಿಯಲ್ಲಿ ಸಿಗುವ ತನಕವೋ? ಮತ್ತೆ, ಸವೆತ ಯಾವುದು, ದೋಷ ಯಾವುದು ಎಂದು ತೀರ್ಮಾನ ಮಾಡುವವರು ಚಾಕು ಮಾರಿದವರೇ. ಆಜೀವ ಎನ್ನುವ ಮಾತಿನ ಅಸಲಿ ಬೆಲೆ ಅಲ್ಲಿದೆ.

ಅಂಗಡಿಯವರ ಮಾತು

ಅಂಗಡಿ ಚಾಕಿಗೆ ವಾರಂಟಿ ಕಾಗದವೇ ಇರಲಿಲ್ಲ. ಅಂಗಡಿಯವರು ಕೊಡುವಾಗ ‘ಏನಾದ್ರೂ ಆದ್ರೆ ತಕೊಂಡು ಬನ್ನಿ ಅಕ್ಕಾ’ ಅಂದಿದ್ದರು, ಅಷ್ಟೇ. ಹತ್ತು ತಿಂಗಳಿಗೆ ಬೆನ್ನಿನ ಸ್ಪ್ರಿಂಗ್ ಲಟಕ್ಕೆಂದು ಮುರಿಯಿತು. ಪುತ್ತೂರಿಗೆ ಹೋದಾಗ ಕೊಂಡು ಹೋದೆ. ಬಿಲ್ ಎಲ್ಲೋ ಹೋಗಿತ್ತು. ‘ಬಿಲ್ ಎಂತಕ್ಕೆ, ನಮ್ಮಲ್ಲಿಂದಲೇ ಹೋದದ್ದಲ್ವಾ’ ಎಂದು ಕಪಾಟಿನಿಂದ ಇನ್ನೊಂದು ತೆಗೆದುಕೊಟ್ಟರು. ಐದು ನಿಮಿಷ ಹಿಡಿಯಲಿಲ್ಲ.

ಆವತ್ತು ತುಂಬ ಖುಷಿಯಾಗಿ ಬಂದೆ. ಆದರೆ ಮುಂದಿನ ವರ್ಷ ಆ ಎರಡನೆಯದ್ದರ ರಿವಿಟ್ ಸಡಿಲವಾಯಿತು. ಅವರು ಅರ್ಧ ಬೆಲೆಗೆ ಮೂರನೆಯದನ್ನು ಕೊಟ್ಟರು. ಅವರ ಒಳ್ಳೆಯತನ ಒಳ್ಳೆಯತನವೇ, ಅದನ್ನು ಸಣ್ಣದು ಮಾಡುವುದಿಲ್ಲ. ಆದರೂ ಮೂರು ವರ್ಷಕ್ಕೆ ಮೂರು ಚಾಕು ಬದಲಾಯಿಸಿದ್ದೇನೆ ಎಂದರೆ ಮಾಡುವವರು ಸ್ಪ್ರಿಂಗಿಗೆ ಸರಿಯಾಗಿ ಹದ ಹಾಕುತ್ತಿಲ್ಲ ಎಂದೇ ಅರ್ಥ. ಇನ್ನೊಂದು ಐವತ್ತು ರೂಪಾಯಿ ಜಾಸ್ತಿ ತೆಗೆದುಕೊಂಡು ಒಳ್ಳೆಯ ಸ್ಪ್ರಿಂಗ್ ಹಾಕಲಿ. ನಮ್ಮಂಥ ಎಷ್ಟು ನರ್ಸರಿಗಳಿವೆ, ಎಲ್ಲರೂ ಕೊಡುತ್ತಾರೆ.

ಆಚಾರ್ರ ಕುಲುಮೆ

ಕತ್ತಿ ಹದ ಮಾಡಿಸಲು ಹೋದಾಗ ಬೆರಳಿನ ಹೊಲಿಗೆಯ ಕಲೆ ನೋಡಿ ಆಚಾರ್ರು ಏನಾಯಿತು ಎಂದು ಕೇಳಿದರು. ಹೇಳಿದೆ. ಚಾಕು ಮಾಡಿಕೊಡುತ್ತೀರಾ ಎಂದೆ. ಅವರು ಕೇಳಿದ ಮೊದಲ ಮಾತು, ‘ಯಾವ ಕೈ ಅಕ್ಕಾ?’ ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಒಂದು ಗೇರಿನ ಕಡ್ಡಿ ಕೊಟ್ಟು ಕೆತ್ತಿ ತೋರಿಸಿ ಎಂದರು. ನನ್ನ ಮುಷ್ಟಿಯನ್ನು ಒಂದು ಹುರಿಯಲ್ಲಿ ಅಳೆದುಕೊಂಡರು.

ನಾನು ಅಲ್ಲೇ ಕೂತು ನೋಡಿದೆ. ಪ್ಲೇಟಿನ ತುಂಡನ್ನು ಇದ್ದಿಲಲ್ಲಿ ಕೆಂಪು ಮಾಡಿ ಬಡಿದು ತೆಳು ಮಾಡಿದರು. ಒಂದೇ ಬದಿ ಇಳಿಜಾರು ಮಾಡಿ ಅರ ಹಾಕಿದರು. ಮತ್ತೆ ಕೆಂಪು ಮಾಡಿ ಹಳೆ ಎಂಜಿನ್ ಆಯಿಲಿಗೆ ಅದ್ದಿದರು. ನೀರಿಗೆ ಯಾಕೆ ಹಾಕಲಿಲ್ಲ ಎಂದರೆ, ಈ ಪ್ಲೇಟು ನೀರಿಗೆ ಹಾಕಿದರೆ ಸೀಳುತ್ತದೆ ಎಂದರು. ಆಯಿಲಿನಿಂದ ತೆಗೆದ ಮೇಲೆ ಅಲಗು ಗಾಜಿನ ಹಾಗೆ ಗಡಸು, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದನ್ನು ಮರಳಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಗಡಸು ಸ್ವಲ್ಪ ಇಳಿಯಲೆಂದು ಬೆನ್ನಿನ ಕಡೆಯಿಂದ ನಿಧಾನ ಬಿಸಿ ಕೊಟ್ಟರು. ಹರಿತದ ಬಾಯಿಯ ಕಡೆ ಒಣಹುಲ್ಲಿನ ಬಣ್ಣ ಬಂದ ಕೂಡಲೇ ತೆಗೆದರು. ಗೇರಿನ ಮರದ ಹಿಡಿ ಹಾಕಿದರು. ಎಲ್ಲ ಸೇರಿ 350 ರೂಪಾಯಿ.

ಮೊದಲ ವಾರದಲ್ಲೇ ಅಲಗಿನ ಬಾಯಿಯಲ್ಲಿ ಎರಡು ಕಡೆ ಸಣ್ಣ ಚೂರು ಹಾರಿತು. ಹದ ಸ್ವಲ್ಪ ಹೆಚ್ಚು ಗಡಸಾಗಿತ್ತು. ಕೊಂಡು ಹೋದೆ. ಬೆಳಕಿಗೆ ಹಿಡಿದು ನೋಡಿ, ‘ನನ್ನದೇ ತಪ್ಪು, ಬಣ್ಣ ಇನ್ನೊಂದು ಚೂರು ಓಡಬೇಕಿತ್ತು’ ಎಂದರು. ನಾನು ಕೂತಿರುವಾಗಲೇ ಮತ್ತೆ ಬಿಸಿ ಕೊಟ್ಟು, ಸಾಣೆ ಹಿಡಿದು ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ. ಎಂಬತ್ಮೂರು ದಿನ ಕಾದ ಮೇಲೆ ಕೇಳಿದ ಆ ಒಂದು ಮಾತು, ‘ನನ್ನದೇ ತಪ್ಪು’, ನನಗೆ ತುಂಬ ದೊಡ್ಡದಾಗಿ ಕೇಳಿಸಿತು. ಆಮೇಲೆ ಚೂರು ಹಾರಿಲ್ಲ. ಒಮ್ಮೆ ಹಿಡಿ ಸೀಳಿತು, 60 ರೂಪಾಯಿಗೆ ಹೊಸದು ಹಾಕಿಕೊಟ್ಟರು.

ಇಲ್ಲಿಯೂ ತೊಡಕಿದೆ. ಕಳೆದ ವರ್ಷ ಮಗಳ ಮದುವೆಗೆಂದು ಅವರು ಎರಡು ವಾರ ಕುಲುಮೆ ಮುಚ್ಚಿದಾಗ ನಾನು ಅಂಗಡಿ ಚಾಕಿನಲ್ಲೇ ದಿನ ತಳ್ಳಿದೆ. ಅವರಿಗೆ ಅರುವತ್ತು ದಾಟಿದೆ. ಮಗ ಮಂಗಳೂರಿನಲ್ಲಿ ವರ್ಕ್‌ಶಾಪ್ ಕೆಲಸಕ್ಕೆ ಹೋಗುತ್ತಾನೆ. ಆಚಾರ್ರ ನಂತರ ನಮ್ಮೂರಲ್ಲಿ ತಿದಿ ಒತ್ತುವವರು ಯಾರೂ ಇಲ್ಲ. ಆ ಯೋಚನೆ ಬಂದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ದುಬಾರಿ ಚಾಕು ಕೊಳ್ಳುವವರಿಗೆ

ದುಬಾರಿ ಚಾಕು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಆ ಸ್ಟೀಲು ನಿಜವಾಗಿಯೂ ಒಳ್ಳೆಯದಿತ್ತು. ಆದರೆ ವಾರಂಟಿ ನೋಡಿ ಕೊಳ್ಳುವವರು ಹಣ ಕೊಡುವ ಮೊದಲೇ ಕಂಪನಿಗೆ ಮೇಲ್ ಹಾಕಿ ಕೇಳಿ. ಬಿಚ್ಚಿ ಶುಚಿ ಮಾಡಬಹುದೇ? ಸ್ಕ್ರೂ, ಸ್ಪ್ರಿಂಗ್ ಹಣಕ್ಕೆ ಸಿಗುತ್ತದೆಯೇ? ಉಡುಗೊರೆ ಕೊಟ್ಟರೆ ವಾರಂಟಿ ಉಳಿಯುತ್ತದೆಯೇ? ಕಳಿಸುವ ಖರ್ಚು ಯಾರದ್ದು? ಉತ್ತರವನ್ನು ಉಳಿಸಿಕೊಳ್ಳಿ. ಉತ್ತರ ಬರದೇ ಹೋದರೆ ಆಗಲೇ ತಿಳಿಯಿತಲ್ಲ.

ಡಬ್ಬಿ ಬಿಸಾಡಬೇಡಿ. ಹೊರದೇಶದಿಂದ ತಂದ ಸಾಮಾನಿನ ಡಬ್ಬಿಯ ಮೇಲೆ ತರಿಸಿದವರ ಹೆಸರು, ವಿಳಾಸ ಇರಲೇಬೇಕು, 2011ರ ಪೊಟ್ಟಣ ಸಾಮಗ್ರಿ ನಿಯಮ ಹಾಗೆ ಹೇಳುತ್ತದೆ. ನಮಗೆ ಆ ವಿಳಾಸವೇ ಉಪಕಾರಕ್ಕೆ ಬಂತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದೂರು ಬರೆದುಕೊಳ್ಳುತ್ತಾರೆ. ತಮ್ಮ ದೂರು ಕೊಟ್ಟ ಮೇಲೆ ಕಂಪನಿಯಿಂದ ನಾಲ್ಕೇ ದಿನದಲ್ಲಿ ಉತ್ತರ ಬಂತು. ಉತ್ತರದಲ್ಲಿ ಇದ್ದದ್ದು ಮತ್ತೆ ಅದೇ ರಿಯಾಯಿತಿ ಕೂಪನ್, ಅದು ಬೇರೆ ಮಾತು.

ನಾವು ಇಲ್ಲಿಗೇ ಬಿಟ್ಟಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಕಂಪನಿ ಎಲ್ಲಿದ್ದರೂ ನಾವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಐದು ಲಕ್ಷದವರೆಗಿನ ಸಾಮಾನಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಲು ಮೇಲ್‌ಗಳು, ವಿಡಿಯೊ, ಹೊಲಿಗೆ ಹಾಕಿದ ಆಸ್ಪತ್ರೆಯ ಚೀಟಿ, ಕೊರಿಯರ್ ರಸೀದಿ ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿದ್ದೇನೆ. 6,200 ರೂಪಾಯಿಗೆ ಇಷ್ಟು ಓಡಾಟ ಯಾಕೆ ಎಂದು ಅತ್ತೆ ಕೇಳುತ್ತಾರೆ. ಬೆರಳು ಕೊಯ್ದದ್ದು ನನ್ನದಾದ್ದರಿಂದ ಬಚಾವ್. ಅದೇ ಬೀಗ ಇನ್ನೊಬ್ಬರ ಕೈಯಲ್ಲೂ ಜಾರುತ್ತದೆ ಎನ್ನುವುದು ನನ್ನ ತಲೆಯಿಂದ ಹೋಗುತ್ತಿಲ್ಲ.

ಪುತ್ತೂರಿನ ಒಬ್ಬ ಲೇತ್ ಕೆಲಸದವರು ಆ ಚಾಕು ನೋಡಿ, ಸ್ಕ್ರೂ ಮಾಡಿ ಕೂರಿಸಬಹುದು, ಇನ್ನೂರು ರೂಪಾಯಿ ಆಗಬಹುದು ಎಂದಿದ್ದಾರೆ. ದೂರು ಮುಗಿಯುವ ತನಕ ಬಿಚ್ಚುವುದು ಬೇಡ ಎಂದು ಡಬ್ಬಿಯೊಳಗೇ ಇಟ್ಟಿದ್ದೇನೆ.

ಈ ವಾರ ಬ್ರೆಜಿಲ್ ಹಿಪ್ಪಲಿ ಎನ್ನುವ, ಮೆಣಸಿನ ಬಳಗದ್ದೇ ಗಿಡದ ಮೇಲೆ ಕಾಳುಮೆಣಸು ಕಟ್ಟುವ ಕೆಲಸ. ಸೊರಗು ರೋಗದಲ್ಲಿ ಬಳ್ಳಿ ಕಳೆದುಕೊಂಡವರು, ನೀರು ನಿಲ್ಲುವ ತೋಟದವರು ಅದನ್ನೇ ಕೇಳುತ್ತಿದ್ದಾರೆ. ಮೆದು ಬಳ್ಳಿ, ಎಡಗೈ ಚಾಕು ಬೆಣ್ಣೆಯ ಹಾಗೆ ಹೋಗುತ್ತದೆ. ರಜೆಗೆ ಬಂದಿರುವ ತಮ್ಮನ ಮಗಳು ಪಕ್ಕದಲ್ಲಿ ಕೂತು ಪಟ್ಟಿ ಸುತ್ತಿ ಕೊಡುತ್ತಾಳೆ, ತನಗೂ ಕೆತ್ತಲು ಕಲಿಸು ಎಂದು ಹಟ ಹಿಡಿದಿದ್ದಾಳೆ. ಅವಳದ್ದೂ ಎಡಗೈ. ಆಚಾರ್ರಿಗೆ ಹೇಳಿದ್ದೇನೆ. ಪ್ಲೇಟು ಕತ್ತರಿಸಿ ಇಟ್ಟಿದ್ದಾರಂತೆ. ಅವಳ ಮುಷ್ಟಿ ಅಳೆಯಬೇಕಂತೆ, ಭಾನುವಾರ ಕರೆದುಕೊಂಡು ಬನ್ನಿ ಎಂದಿದ್ದಾರೆ.